ಪ್ರಗತಿ ಅಂದರೆ

ದಾವಣಗೆರೆ
10 ನವೆಂಬರ್ 2024

ಅಣ್ಣನಿಗೆ ಸಹನಾಳ ನಮಸ್ಕಾರ.

ಕಾಗದದ ಮೊದಲಿಗೆ ‘ನಾನು ಇಲ್ಲಿ ಕ್ಷೇಮ’ ಅಂತ ಬರೆಯಬೇಕಲ್ಲ, ಬರೆದರೆ ಸುಳ್ಳಾಗುತ್ತದೆ. ನಾನು ಇಲ್ಲಿ ಅರ್ಧ ಕ್ಷೇಮ. ಊಟ ಪರವಾಗಿಲ್ಲ, ಹಾಸ್ಟೆಲ್ಲಿನ ಹುಡುಗಿಯರೂ ಒಳ್ಳೆಯವರು. ಆದರೆ ನರ್ಸಿಂಗ್ ಪಾಠ ಶುರುವಾದ ಕೂಡಲೇ ಹಿಂದಿನ ಬೆಂಚಿಗೆ ಜಾರುತ್ತೇನೆ. ಪಿಯುಸಿವರೆಗೂ ಕನ್ನಡದಲ್ಲೇ ಓದಿದವಳು ನಾನು. ಇಲ್ಲಿ ಪುಸ್ತಕ ಇಂಗ್ಲಿಷ್, ಪಾಠ ಇಂಗ್ಲಿಷ್, ಬೈಗುಳ ಮಾತ್ರ ಕನ್ನಡ.

ನಮಗೆ ವೈದ್ಯಕೀಯ ಪದಗಳನ್ನು ಕಲಿಸುವವರು ವಾಣಿ ಮೇಡಂ. ಮೊದಲ ದಿನವೇ ನನ್ನ ಮುಖ ನೋಡಿ, “ಪದ ಕಂಡು ಹೆದರ್ಬ್ಯಾಡ್ರೇ, ರೊಟ್ಟಿ ಮುರಿದಂಗೆ ಮುರೀರಿ” ಅಂದರು. ಗ್ಯಾಸ್ಟ್ರೋ ಅಂದರೆ ಜಠರ. ಐಟಿಸ್ ಅಂದರೆ ಉರಿಯೂತ. ಎರಡೂ ಸೇರಿದರೆ ಗ್ಯಾಸ್ಟ್ರೈಟಿಸ್. ಅವ್ವ ದಿನಾ ‘ಗ್ಯಾಸ್ಟ್ರಿಕ್ ಆಗೇತೆ’ ಅಂತಾಳಲ್ಲ, ಅವಳು ನಮಗಿಂತ ಮೊದಲೇ ಅರ್ಧ ನರ್ಸು.

ಮೇಡಂ ಇನ್ನೊಂದು ಮಾತು ಹೇಳಿದರು. ಕಲಿತ ಪದವನ್ನು ಏನೂ ಗೊತ್ತಿಲ್ಲದವರೊಬ್ಬರಿಗೆ ಕಲಿಸಬೇಕಂತೆ, ಆಗಲೇ ಅದು ನಮಗೆ ಬರುವುದಂತೆ. ಏನೂ ಗೊತ್ತಿಲ್ಲದವರು ಅಂದ ತಕ್ಷಣ ನನಗೆ ನೀನೇ ನೆನಪಾದೆ. ಕೋಪ ಮಾಡಿಕೊಳ್ಳಬೇಡ. ಇಲ್ಲಿ ಫೋನುಗಳೆಲ್ಲ ವಾರ್ಡನ್ ಬೀರುವಿನಲ್ಲಿವೆ, ಭಾನುವಾರ ಅರ್ಧ ಗಂಟೆ ಕೊಡುತ್ತಾರೆ. ಕಬ್ಬಿಣದ ಶೆಡ್ಡಿನ ಸದ್ದಿಗೆ ನಿನ್ನ ಕಿವಿ ಬೇರೆ ಮಂದವಾಗಿದೆ. ಫೋನಿನಲ್ಲಿ ನಾನು ‘ಕಾರ್ಡಿಯಾಕ್’ ಅಂದರೆ ನೀನು ‘ಯಾರ ಕಾರು?’ ಅಂತೀಯ. ನಿನ್ನ ಹಳೇ ಫೋನಿಗೆ ಕನ್ನಡ ಮೆಸೇಜೂ ಬರುವುದಿಲ್ಲ, ಅದಕ್ಕೇ ಕಾಗದ. ನಾನು ಪದ ಕಳಿಸುತ್ತೇನೆ, ನೀನು ನೋಟ್‌ಬುಕ್ಕಿನಲ್ಲಿ ಬರೆದಿಡು. ತಪ್ಪಿದರೆ ಕಿವಿ ಹಿಂಡುವುದು ನನ್ನ ಹಕ್ಕು.

ಅವ್ವನಿಗೆ ಹೇಳು, ರೊಟ್ಟಿಯ ಆಸೆಯಾಗುತ್ತಿದೆ.

ನಿನ್ನ ತಂಗಿ ಮತ್ತು ಮಾಸ್ತರು,
ಸಹನಾ


ಗುತ್ತೂರು
18 ನವೆಂಬರ್ 2024

ಸಹನಾ ಡಾಕ್ಟರಮ್ಮನಿಗೆ ಗುಡ್ಡದಷ್ಟು ಆಶೀರ್ವಾದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇನ್ನೂ ಒಂದು ಸೂಜಿ ಚುಚ್ಚಿಲ್ಲ, ಆಗಲೇ ಮಾಸ್ತರಿಕೆ. ಇರಲಿ, ನೋಟ್‌ಬುಕ್ ತಂದಿದ್ದೇನೆ. ಗುತ್ತೂರಿನಿಂದ ದಾವಣಗೆರೆಗೆ ಅಷ್ಟು ಹತ್ತಿರವಿದ್ದೂ ನಿನ್ನ ಕಾಗದ ನಾಲ್ಕು ದಿನ ತಗೊಂಡಿತು. ನಡೆದುಕೊಂಡು ಬಂದಿದ್ದರೂ ಒಂದೇ ದಿನದಲ್ಲಿ ಸೇರುತ್ತಿತ್ತು.

ಐಟಿಸ್ ಚೆನ್ನಾಗಿದೆ. ಖಲೀಲ್‌ಗೂ ಹೇಳಿದೆ. ಮರಳಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನನ್ನ ಜೋಡಿ ಕೆಲಸ ಮಾಡುವವನು ಅವನೊಬ್ಬನೇ ಅಂತ ನಿನಗೆ ಗೊತ್ತಲ್ಲ. ಉರ್ದು ಶಾಲೆಯಲ್ಲಿ ಓದಿದವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಈಗ ಊಟದ ಹೊತ್ತಿಗೆ ನನ್ನ ಎದುರು ಕೂತು, “ಮ್ಯಾನೇಜರ್ ಐಟಿಸ್ ಅಂದ್ರೆ ಏನಲೇ?” ಅಂತ ಕೇಳುತ್ತಾನೆ. ಮ್ಯಾನೇಜರನ್ನು ನೋಡಿದರೆ ಬರುವ ಉರಿ ಅಂದೆ. ನಕ್ಕು ನಕ್ಕು ಕೆಮ್ಮು ಹತ್ತಿ, ನೀರು ಕುಡಿಸಬೇಕಾಯಿತು.

ನೀನು ಭಾನುವಾರ ಫೋನಿನಲ್ಲಿ ನನ್ನ ಕೆಮ್ಮನ್ನೂ ಕೇಳಿದೆ. ಎರಕ ಹೊಯ್ದ ಕಬ್ಬಿಣಕ್ಕೆ ಗಾಳಿಯ ರಭಸದಲ್ಲಿ ಮರಳು ಹೊಡೆದು ನುಣ್ಣಗೆ ಮಾಡುವವರು ನಾವು, ಧೂಳು ಕುಡಿಯದೆ ಹಾಲು ಕುಡಿಯುತ್ತೇವೆಯೇ? ಮುಖಕ್ಕೆ ಬಟ್ಟೆ ಕಟ್ಟುತ್ತೇನೆ. ಚಿಂತೆ ಬೇಡ.

ಈ ವಾರ ಶೆಡ್ಡಿಗೆ ಒಂದು ಬಿಳಿ ವ್ಯಾನು ಬಂದಿತ್ತು. ಯಾರೋ ಅಧಿಕಾರಿ ತಪಾಸಣೆಗೆ ಬರುತ್ತಾರಂತೆ, ಅದಕ್ಕೆ ಎಲ್ಲರ ಎದೆಯ ಫೋಟೋ ತೆಗೆಸಿದರು. ವ್ಯಾನಿನ ಡಾಕ್ಟರಿಗೆ ಕನ್ನಡ ಬರುವುದಿಲ್ಲ, ಇನ್ನೂ ಎಳೆಯ ಹುಡುಗ. ನನ್ನ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. ಚೆಲುವನಿದ್ದೀನಲ್ಲ, ನೋಡಿರಬೇಕು.

ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ಬಸ್ಸಿನಲ್ಲಿ ಕಳಿಸುತ್ತೇನೆ.

ಇಂತಿ ನಿನ್ನ ವಿಧೇಯ ವಿದ್ಯಾರ್ಥಿ,
ಗಿರೀಶ


ದಾವಣಗೆರೆ
1 ಡಿಸೆಂಬರ್ 2024

ಅಣ್ಣಾ,

ರೊಟ್ಟಿ ಬಂತು, ಐದು ಹುಡುಗಿಯರು ಸೇರಿ ಹತ್ತು ನಿಮಿಷದಲ್ಲಿ ಮುಗಿಸಿದೆವು.

ಈ ವಾರ ಕ್ಲಾಸಿನಲ್ಲಿ ನನ್ನ ಮರ್ಯಾದೆ ಹೋಯಿತು. ರೋಗಿಯ ಹಾಳೆಯಲ್ಲಿ ‘ಕಂಪ್ಲೇಂಟ್’ ಅಂತ ಒಂದು ಸಾಲಿರುತ್ತದೆ. ಮೇಡಂ ಅದರ ಅರ್ಥ ಕೇಳಿದರು. ನಾನು ಎದ್ದು ನಿಂತು, ‘ರೋಗಿ ಆಸ್ಪತ್ರೆಯ ಮೇಲೆ ಕೊಟ್ಟ ದೂರು’ ಅಂದೆ. ಇಡೀ ಕ್ಲಾಸು ನಕ್ಕಿತು. ಅಲ್ಲಿ ಕಂಪ್ಲೇಂಟ್ ಅಂದರೆ ರೋಗಿ ಹೇಳುವ ಬಾಧೆಯಂತೆ, ತಲೆನೋವು, ಹೊಟ್ಟೆನೋವು ಇಂಥದ್ದು. ದೊಡ್ಡ ದೊಡ್ಡ ಪದಗಳಿಗೆ ನಾನು ಹೆದರುತ್ತಿದ್ದೆ. ಮೇಡಂ ಹೇಳುವುದೇ ಬೇರೆ: “ದೊಡ್ಡ ಪದ ಮೋಸ ಮಾಡಲ್ಲ, ಯಾಕಂದ್ರೆ ಅದು ಗೊತ್ತಿಲ್ಲ ಅಂತ ನಿಮಗೆ ಗೊತ್ತಿರತೈತೆ. ಗೊತ್ತಿರೋ ಪದಾನೇ ಮೋಸ ಮಾಡೋದು.”

ಆದರೆ ಸಂತೋಷದ ಸುದ್ದಿಯೂ ಇದೆ. ಗಾಯ ಮಾಯುವ ಪಾಠದ ಕಿರುಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಒಂಬತ್ತು! ಗಾಯವಾದ ಜಾಗದಲ್ಲಿ ದೇಹವೇ ನಾರಿನಂಥ ಎಳೆಗಳನ್ನು ನೇಯ್ದು ತೇಪೆ ಹಾಕುತ್ತದೆ. ನಿನ್ನ ಮೊಣಕಾಲ ಮೇಲಿರುವ ಕಲೆ ಇದೆಯಲ್ಲ, ಅದು ಹಾಗೆ ಆದದ್ದೇ. ನಾರಿಗೆ ಫೈಬರ್ ಅನ್ನುತ್ತಾರೆ, ನೋಟ್‌ಬುಕ್ಕಿನಲ್ಲಿ ಬರೆದುಕೋ.

ವ್ಯಾನಿನವರ ರಿಪೋರ್ಟು ಬಂತೇ? ಬಂದರೆ ಪದಗಳನ್ನು ಹಾಗೇ ನೋಡಿ ಬರೆದು ಕಳಿಸು. ನಾನು ಹೇಳುತ್ತೇನೆ.

ಸಹನಾ


ಗುತ್ತೂರು
12 ಡಿಸೆಂಬರ್ 2024

ಸಹನಾ,

ರಿಪೋರ್ಟು ಬಂತು. ಮ್ಯಾನೇಜರ್ ಕೊಟ್ಟೂರೇಶಪ್ಪ ನಮ್ಮನ್ನು ಎಂದೂ ಕೂರಿಸಿ ಮಾತಾಡಿಸಿದವನಲ್ಲ. ನಿನ್ನೆ ಆಫೀಸಿಗೆ ಕರೆದು, “ಬರ್ರಿ, ಕೂಡ್ರಿ, ಚಾ ಕುಡೀರಿ” ಅಂದ. ಆಗಲೇ ನನಗೆ ಏನೋ ಅನ್ನಿಸಿತು.

ಮರಳಿನ ಕೋಣೆಯ ಆರೂ ಜನರಿಗೆ ಒಂದೊಂದು ಕಾಗದ ಕೊಟ್ಟ. ಎಲ್ಲವೂ ಇಂಗ್ಲಿಷ್. ಅದರ ಜೊತೆ ಕನ್ನಡದಲ್ಲಿ ಟೈಪು ಮಾಡಿದ ಇನ್ನೊಂದು ಹಾಳೆ: ‘ನನ್ನ ವೈದ್ಯಕೀಯ ವರದಿಯನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ. ನನ್ನ ಸ್ವಂತ ಇಚ್ಛೆಯಿಂದ ಇದೇ ಕೆಲಸದಲ್ಲಿ ಮುಂದುವರಿಯುತ್ತೇನೆ.’ ಕೆಳಗೆ ಸಹಿ ಹಾಕಬೇಕು. ಹಾಕದವರು ಕೆಲಸ ಬಿಡಬಹುದು, ಬಲವಂತವಿಲ್ಲ ಅಂದ. ರಿಪೋರ್ಟಿನಲ್ಲಿ ಏನಿದೆ ಅಂತ ಕೇಳಿದೆ. “ನಾನೇನು ಡಾಕ್ಟರಾ? ನಿನ್ನ ತಂಗಿ ನರ್ಸಿಂಗ್ ಓದಾಕ್ಹತ್ಯಾಳಲ್ಲ, ಕೇಳು” ಅಂದ.

ನನ್ನ ಕಾಗದದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಮೂರು ಪದಗಳಿವೆ. ಖಲೀಲ್‌ನದರಲ್ಲೂ ಅವೇ ಮೂರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಪ್ರೊಗ್ರೆಸಿವ್ ಮ್ಯಾಸಿವ್ ಫೈಬ್ರೋಸಿಸ್. ಇಂಗ್ಲಿಷ್ ಅಕ್ಷರಗಳನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ, ನೋಡು.

ಸಹನಾ, ತಮಾಷೆ ಬಿಟ್ಟು ಹೇಳುತ್ತೇನೆ. ಈಚೆಗೆ ಏರು ಹತ್ತುವಾಗ ಸೈಕಲ್ಲಿನಿಂದ ಇಳಿಯುತ್ತೇನೆ. ಪಕ್ಕದ ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸ ಖಾಲಿ ಇದೆ, ಬಾ ಅಂತಿದ್ದಾರೆ. ಖಲೀಲ್‌ಗೆ ಅವನ ಹೆಂಡತಿಯ ತಮ್ಮ ರೌಫ್ ಹರಿಹರ ಬಸ್ ಸ್ಟ್ಯಾಂಡಿನ ಹತ್ತಿರ ಹಣ್ಣಿನ ಗಾಡಿ ಹಾಕೋಣ ಅಂತಿದ್ದಾನೆ. ಇಬ್ಬರೂ ಹೊರಗೆ ಹೋಗಬಹುದು. ಎದೆ ಕೆಟ್ಟಿದ್ದರೆ ಹೋಗುತ್ತೇವೆ, ಚೆನ್ನಾಗಿದ್ದರೆ ಗೊತ್ತಿರುವ ಕೆಲಸ ಯಾಕೆ ಬಿಡುವುದು? ನಿನ್ನ ಉತ್ತರ ಬರುವವರೆಗೆ ಇಬ್ಬರೂ ಸಹಿ ಹಾಕುವುದಿಲ್ಲ. ಬೇಗ ಬರೆ.

ಅವ್ವನಿಗೆ ಏನೂ ಹೇಳಿಲ್ಲ.

ಗಿರೀಶ


ದಾವಣಗೆರೆ
16 ಡಿಸೆಂಬರ್ 2024

ಅಣ್ಣಾ,

ನಿನ್ನ ಕಾಗದ ಓದಿ ಮೊದಲು ಹೆದರಿದೆ. ಆಮೇಲೆ ಲೈಬ್ರರಿಗೆ ಹೋಗಿ, ಇಂಗ್ಲಿಷ್-ಕನ್ನಡ ನಿಘಂಟು ತೆಗೆದು, ಮೇಡಂ ಹೇಳಿದ ಹಾಗೆ ಪದಗಳನ್ನು ಮುರಿಯುತ್ತಾ ಕೂತೆ. ಈಗ ನಗುತ್ತಾ ಬರೆಯುತ್ತಿದ್ದೇನೆ. ಅವ್ವನಿಗೆ ಹೇಳಿ ಪಾಯಸ ಮಾಡಿಸು.

ಮೊದಲ ಪದ ಪ್ರೊಗ್ರೆಸಿವ್. ನಿಘಂಟಿನಲ್ಲಿ ಹೀಗಿದೆ: ಪ್ರಗತಿಪರ, ಪ್ರಗತಿ ಹೊಂದುತ್ತಿರುವ. ಪ್ರಗತಿಪರ ರೈತ ಅಂತಾರಲ್ಲ, ಅದೇ. ಎರಡನೆಯದು ಮ್ಯಾಸಿವ್, ಅಂದರೆ ದೊಡ್ಡ ಪ್ರಮಾಣದ. ಮೂರನೆಯದರಲ್ಲೇ ಎಲ್ಲ ಇರುವುದು. ಫೈಬರ್ ಅಂದರೆ ನಾರು ಅಂತ ಹಿಂದಿನ ಕಾಗದದಲ್ಲೇ ಹೇಳಿದ್ದೆ. ಗಾಯ ಮಾಯುವಾಗ ದೇಹ ನಾರಿನ ತೇಪೆ ಹಾಕುತ್ತದೆ, ಅದಕ್ಕೆ ಫೈಬ್ರೋಸಿಸ್ ಅಂತಲೇ ನಮ್ಮ ಪುಸ್ತಕದಲ್ಲಿದೆ. ಅಂದಮೇಲೆ ಮೂರೂ ಸೇರಿದರೆ ಏನಾಯಿತು? ನಿನ್ನ ಎದೆಯೊಳಗೆ ಧೂಳಿನಿಂದ ಆದ ಗಾಯ ದೊಡ್ಡ ಪ್ರಮಾಣದಲ್ಲಿ ಮಾಯುತ್ತಾ ಇದೆ, ದಿನದಿನಕ್ಕೆ ಪ್ರಗತಿ ಆಗುತ್ತಿದೆ. ಖಲೀಲ್ ಅಣ್ಣನಿಗೂ ಅಷ್ಟೇ.

ಒಂದು ಸಲ ವಾಣಿ ಮೇಡಂಗೆ ತೋರಿಸೋಣ ಅಂತ ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿದ್ದೆ. ಅವರು ಯಾರಿಗೋ ಬೈಯುತ್ತಿದ್ದರು, ವಾಪಸ್ ಬಂದೆ. ಇಷ್ಟು ಸ್ಪಷ್ಟವಾಗಿರುವಾಗ ಕೇಳುವುದೇನು? ನನಗೇ ಒಂಬತ್ತು ಬಂದ ಪಾಠ ಇದು. ಏರು ಹತ್ತುವಾಗ ದಮ್ಮು ಬರುವುದು ವಯಸ್ಸಾಗುತ್ತಿರುವುದಕ್ಕೆ, ಮೂವತ್ತೆರಡಾಯಿತು ನಿನಗೆ. ಬೇಗ ಮದುವೆಯಾಗು.

ನಿನ್ನ ಮಾಸ್ತರು,
ಸಹನಾ


ಗುತ್ತೂರು
24 ಡಿಸೆಂಬರ್ 2024

ನಮ್ಮೂರ ಡಾಕ್ಟರಮ್ಮನಿಗೆ,

ನಿನ್ನ ಕಾಗದ ಬಂದ ದಿನ ಶೆಡ್ಡಿನಲ್ಲಿ ಹಬ್ಬ. ಊಟದ ಹೊತ್ತಿಗೆ ಉಳಿದ ಐವರೂ ಸುತ್ತ ಕೂತರು. ನಾನು ಎದ್ದು ನಿಂತು, ಸಭೆಯಲ್ಲಿ ಭಾಷಣ ಮಾಡಿದ ಹಾಗೆ ಓದಿದೆ. ‘ದಿನದಿನಕ್ಕೆ ಪ್ರಗತಿ’ ಅನ್ನುವ ಸಾಲನ್ನು ಖಲೀಲ್ ಮೂರು ಸಲ ಓದಿಸಿದ. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತ. “ಮಕ್ಕಳ ಮುಖ ನೋಡಿ ಹತ್ತು ದಿನ ಹೆಂಗ್ ಕಳದೀನಿ ಗೊತ್ತೇನಲೇ? ನಿನ್ನ ತಂಗಿ ಬಾಯಿಗೆ ಸಕ್ಕರೆ ಹಾಕ್ಬೇಕು” ಅಂದ. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ತರಿಸಿದ.

ಉಳಿದ ನಾಲ್ಕು ಜನರ ಕಾಗದವನ್ನೂ ನಾನೇ ಓದಿ ಹೇಳಿದೆ. ಅವುಗಳಲ್ಲೂ ಅಲ್ಲಲ್ಲಿ ಫೈಬ್ರೋಸಿಸ್ ಇದೆ. ನೀನು ಕಲಿಸಿದ್ದು ಉಪಯೋಗಕ್ಕೆ ಬಂತು. ಎಲ್ಲರೂ ಸಹಿ ಹಾಕಿದೆವು.

ರೌಫ್‌ಗೆ ಹಣ್ಣಿನ ಗಾಡಿ ಬೇಡ ಅಂತ ಖಲೀಲ್ ಹೇಳಿಬಿಟ್ಟ. ಪ್ಯಾಕಿಂಗ್ ಕೆಲಸಕ್ಕೆ ನಾನೂ ಬರುವುದಿಲ್ಲ ಅಂದೆ. ಕೊಟ್ಟೂರೇಶಪ್ಪನೂ ನಿನ್ನ ಕಾಗದ ಕೇಳಿ ತೆಗೆದುಕೊಂಡು ಪೂರ್ತಿ ಓದಿದ. ಅವನ ಮುಖದಲ್ಲಿ ಅಂಥ ಸಮಾಧಾನ ನಾನು ಕಂಡೇ ಇಲ್ಲ. “ಚಂದ ಬರೀತಾಳೆ ಹುಡುಗಿ” ಅಂತ ಹೇಳಿ ಜೆರಾಕ್ಸ್ ಮಾಡಿಸಿ, ಒಂದನ್ನು ಫೈಲಿಗೆ ಹಾಕಿದ. ಇನ್ನೊಂದನ್ನು ಖಲೀಲ್ ಕೇಳಿ ಪಡೆದ. ಓದಲು ಬಾರದವನು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ.

ಸಂಕ್ರಾಂತಿಗೆ ಬಾ. ನಿನ್ನನ್ನು ನೋಡಲು ಎಲ್ಲರೂ ಕಾಯುತ್ತಿದ್ದಾರೆ.

ಗಿರೀಶ


ದಾವಣಗೆರೆ
20 ಜನವರಿ 2025

ಅಣ್ಣಾ,

ಹಬ್ಬ ಮುಗಿಸಿ ಬಂದು ಐದು ದಿನವಾಯಿತು. ಎಳ್ಳು ಬೆಲ್ಲ ಇನ್ನೂ ಡಬ್ಬಿಯಲ್ಲಿದೆ.

ಊರಲ್ಲಿ ಕೇಳಬೇಕೆಂದುಕೊಂಡು ಕೇಳದೇ ಬಂದೆ. ಬಸ್ ಇಳಿದು ಮನೆಗೆ ನಡೆಯುವಾಗ ನೀನು ನಾಲ್ಕು ಕಡೆ ನಿಂತೆ. ಒಮ್ಮೆ ಚಪ್ಪಲಿ ಸರಿ ಮಾಡಿಕೊಂಡೆ. ಒಮ್ಮೆ ಗೋಡೆಯ ಮೇಲಿನ ಜಾಹೀರಾತು ಓದಿದೆ. ಒಮ್ಮೆ ಯಾರದೋ ಎಮ್ಮೆ ನೋಡಿದೆ. ನಿನಗೆ ಎಮ್ಮೆಯ ಮೇಲೆ ಯಾವಾಗ ಪ್ರೀತಿ ಹುಟ್ಟಿತು? ಅವ್ವ ಅಡುಗೆಮನೆಯಲ್ಲಿ, “ಗಿರೀಶಗೆ ಅಂಗಿ ಎಲ್ಲಾ ಸಡ್ಲ ಆಗ್ಯಾವೆ, ಯಾಕವ್ವಾ?” ಅಂತ ಕೇಳಿದಳು. ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೆ ಅಂದೆ.

ಗಾಯ ಮಾಯುವಾಗ ಸುಸ್ತು ಇರುತ್ತದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ನೀನು ಚೆನ್ನಾಗಿದ್ದೀಯ ತಾನೆ? ಒಂದು ಸಾಲು ಬರೆ. ಮುಂದಿನ ತಿಂಗಳಿನಿಂದ ನಮ್ಮನ್ನು ವಾರ್ಡಿಗೆ ಕಳಿಸುತ್ತಾರೆ.

ಸಹನಾ


ದಾವಣಗೆರೆ
24 ಫೆಬ್ರವರಿ 2025

ಅಣ್ಣಾ,

ಈ ಕಾಗದ ಕೈಗೆ ಬಂದ ಕ್ಷಣ ಕೆಲಸ ನಿಲ್ಲಿಸು. ಪೂರ್ತಿ ಓದುವ ಮುಂಚೆಯೇ ಹೊರಗೆ ಬಾ. ಖಲೀಲ್ ಅಣ್ಣನನ್ನೂ ಕರೆದುಕೊಂಡು ಬಾ.

ಶನಿವಾರ ವಾರ್ಡಿನಲ್ಲಿ ಹದಡಿಯಿಂದ ಬಂದ ಒಬ್ಬ ಅಜ್ಜ ಇದ್ದ. ಫೈಲಿನಲ್ಲಿ ‘ಪ್ರೊಗ್ರೆಸಿವ್ ವೀಕ್‌ನೆಸ್’ ಅಂತ ಬರೆದಿತ್ತು. ಅವನ ಹೆಂಡತಿ ಏನಂತ ಕೇಳಿದಳು. ‘ಪ್ರಗತಿ ಆಗುತ್ತಿದೆ ಅಂತ ಬರೆದಿದ್ದಾರೆ ಅಜ್ಜಿ’ ಅಂದೆ. ಅಜ್ಜಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಹಿಂದೆ ವಾಣಿ ಮೇಡಂ ನಿಂತಿದ್ದರು. ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದರು. “ಯಾರೇ ಕಲಿಸಿದ್ದು ನಿನಗೆ? ವಾರ ವಾರಕ್ಕೂ ಆ ಮನುಷ್ಯನ ಶಕ್ತಿ ಇಳೀತಾ ಐತೆ ಅಂತ ಅದರ ಅರ್ಥ. ಪ್ರಗತಿ ರೋಗದ್ದು ಕಣೇ, ರೋಗೀದಲ್ಲ!”

ಪ್ರಗತಿ ರೋಗದ್ದು. ರೋಗಿಯದಲ್ಲ, ಅಣ್ಣಾ.

ನಿನ್ನ ಮೂರು ಪದಗಳನ್ನು ಹೇಳಿದೆ. ಮೇಡಂ ಕೋಪ ಇಳಿದು, “ಯಾರದು?” ಅಂದರು. ಪುಸ್ತಕದಲ್ಲಿತ್ತು ಅಂದೆ. ಅವರು ನಂಬಲಿಲ್ಲ. ಆದರೂ ಹೇಳಿದರು. ಎದೆಯೊಳಗೆ ಮರಳಿನ ಧೂಳು ಕೂತು, ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಅದು ಗಾಯ ಮಾಯುವ ತೇಪೆಯಲ್ಲ, ಇರುವ ಅಂಗಿಯನ್ನೇ ತಿನ್ನುವ ತೇಪೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಧೂಳು ಬಿಟ್ಟರೆ ನಿಧಾನವಾಗಬಹುದು, ಬಿಡದಿದ್ದರೆ ಓಡುತ್ತದೆ. ನಾನು ನಿನ್ನನ್ನು ಅದೇ ಧೂಳಿಗೆ ಎರಡು ತಿಂಗಳು ಕಳಿಸಿದೆ.

ವಾರ್ಡನ್ ಕಾಲು ಹಿಡಿದು ಫೋನು ಪಡೆದೆ. ಅವ್ವ ಎತ್ತಿದಳು. “ಅಣ್ಣ ಶೆಡ್ಡಿಗೆ ಹೋಗ್ಯಾನೆ, ಯಾಕ ಅಳಾಕ್ಹತ್ತೀ?” ಅಂದಳು. ಅವಳಿಗೆ ಏನೂ ಹೇಳಿಲ್ಲ ಅಂತ ನೀನು ಬರೆದಿದ್ದೆಯಲ್ಲ, ನೆಗಡಿ ಅಂದೆ. ನಿನ್ನೆ ನೀನೇ ಎತ್ತಿದೆ. ಕೆಲಸ ಬಿಡು ಅಂತ ಕೂಗಿದೆ, ನೀನು ‘ಹಲೋ ಹಲೋ’ ಅಂತಲೇ ಇದ್ದೆ. ಪರೀಕ್ಷೆ ಮುಗಿಯುವವರೆಗೆ ಹೊರಗೆ ಬಿಡುವುದಿಲ್ಲ ಅಂತಾರೆ. ನಿಜ ಹೇಳಲೇ? ಬಿಟ್ಟರೂ ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾನು ಆಡಿದ್ದಲ್ಲ, ಬರೆದು ಕಳಿಸಿದೆ.

ಈ ಕಾಗದವನ್ನು ಎಲ್ಲರ ಮುಂದೆ ಓದು. ಮೊದಲನೆಯದನ್ನು ಓದಿದ ಹಾಗೇ ನಿಂತು ಓದು.

ಸಹನಾ


ಗುತ್ತೂರು
12 ಮಾರ್ಚ್ 2025

ಸಹನಾ,

ನಿನ್ನ ಕಾಗದ ಬಂದು ಹದಿಮೂರು ದಿನ ಆಯಿತು. ಓದಿಲ್ಲ ಅಂತಲ್ಲ, ನಾನು ಎಷ್ಟೋ ಸಲ ಓದಿದ್ದೇನೆ. ಅವರಿಗೆ ಓದಿ ಹೇಳಿಲ್ಲ.

ಮೊದಲ ದಿನ ಎದ್ದು ನಿಂತೆ. ಎಲ್ಲರೂ ಸಂತೋಷದಿಂದ ಸುತ್ತ ಬಂದರು. ‘ಅಣ್ಣಾ, ಈ ಕಾಗದ’ ಅನ್ನುವಷ್ಟರಲ್ಲಿ ಉಸಿರು ನಿಂತಿತು. ಮತ್ತೆ ಶುರು ಮಾಡಿದೆ, ಎರಡು ಪದಕ್ಕೆ ಮತ್ತೆ ನಿಂತಿತು. ಡಿಸೆಂಬರಿನಲ್ಲಿ ಎರಡು ಪುಟ ಓದಿದವನು ನಾನು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. “ಏನಂತಾಳಲೇ ತಂಗಿ?” ಅಂತ ಖಲೀಲ್ ಕೇಳಿದ. ಪರೀಕ್ಷೆ ಇದೆಯಂತೆ, ಎಲ್ಲರೂ ದುವಾ ಮಾಡಿ ಅಂತ ಬರೆದಿದ್ದಾಳೆ ಅಂದೆ. ಅವನು ಅಲ್ಲೇ ಕೈಯೆತ್ತಿ ದುವಾ ಮಾಡಿದ.

ಈಗ ರಂಜಾನ್. ಉಪವಾಸವಿದ್ದುಕೊಂಡೇ ಕೋಣೆಯೊಳಗೆ ಹೋಗುತ್ತಾನೆ. ಕೆಮ್ಮಿದಾಗೆಲ್ಲ ಜೇಬು ಮುಟ್ಟಿಕೊಂಡು, “ಪ್ರಗತಿ ಆಗಾಕ್ಹತ್ತೇತೆ” ಅಂತ ನಗುತ್ತಾನೆ. ಅವನಿಗೆ ಹೇಗೆ ಹೇಳಲಿ? ನಾನೊಬ್ಬನೇ ಹೊರಗೆ ಬಂದರೆ ಯಾಕೆ ಅಂತ ಕೇಳುತ್ತಾರೆ. ಅದಕ್ಕೆ ನಾನೂ ಹೋಗುತ್ತಿದ್ದೇನೆ. ಇಲ್ಲಿ ನಿನ್ನನ್ನು ಎಲ್ಲರೂ ನಮ್ಮ ಡಾಕ್ಟರಮ್ಮ ಅಂತಾರೆ, ಸಹನಾ. ಆ ಹೆಸರನ್ನು ನನ್ನ ಬಾಯಿಂದಲೇ ಹೇಗೆ ಕೆಡಿಸಲಿ?

ಈ ಕಾಗದ ಬರೆಯಲು ಮೂರು ಸಲ ಕೂತೆ. ಬರೆಯುವುದಕ್ಕೂ ದಮ್ಮು ಬೇಕು ಅಂತ ಗೊತ್ತಿರಲಿಲ್ಲ.

ಗಿರೀಶ


ದಾವಣಗೆರೆ
14 ಮಾರ್ಚ್ 2025

ಗಿರೀಶಣ್ಣನಿಗೆ,

ನನ್ನ ಹೆಸರು ಉಳಿಸಲು ನೀನು ಮರಳು ನುಂಗುತ್ತಿದ್ದೀಯ. ಬೆಂಕಿ ಬೀಳಲಿ ಆ ಹೆಸರಿಗೆ. ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ, ನನ್ನ ಮೇಲಂತೂ ಕೇಳಲೇಬೇಡ.

ವಾಣಿ ಮೇಡಂಗೆ ಎಲ್ಲಾ ಹೇಳಿಬಿಟ್ಟೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ನಿನ್ನ ಚೀಟಿ ತೆಗೆದುಕೊಂಡು ಓದಿದರು. ಆಮೇಲೆ ಹಾಸ್ಟೆಲ್ಲಿನಿಂದ ಹೊರಗೆ ಹೋಗಲು ತಾವೇ ಪಾಸು ಬರೆಸಿಕೊಟ್ಟರು. “ಆರು ಜನರನ್ನೂ ಎದೆ ವಿಭಾಗಕ್ಕೆ ಕರ್ಕೊಂಡು ಬಾ. ಅಲ್ಲಿ ಕನ್ನಡದಾಗ ಹೇಳ್ತಾರೆ” ಅಂದರು.

ಭಾನುವಾರ ನಿಮ್ಮ ಶೆಡ್ಡಿಗೆ ಓವರ್‌ಟೈಮ್ ಇದೆಯಲ್ಲ. ಮೊದಲ ಬಸ್ಸಿಗೆ ಬಂದು ಗೇಟಿನ ಮುಂದೆ ನಿಲ್ಲುತ್ತೇನೆ. ಯಾರನ್ನೂ ಒಳಗೆ ಹೋಗಲು ಬಿಡಬೇಡ. ಬರೆದವಳು ನಾನು, ಓದುವವಳೂ ನಾನೇ. ನೀನು ಪಕ್ಕದಲ್ಲಿ ನಿಂತರೆ ಸಾಕು.

ಇದು ನಾಳೆ ಮುಟ್ಟದಿದ್ದರೆ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ.

ಸಹನಾ


ಗುತ್ತೂರು
22 ಜೂನ್ 2025

ಸಹನಾ,

ಆಸ್ಪತ್ರೆಗೆ ಬಂದಾಗಲೆಲ್ಲ ನೀನು ಸಿಗುತ್ತೀಯ. ಆದರೆ ಅಲ್ಲಿ ನಿನ್ನ ಬಿಳಿ ಬಟ್ಟೆ ನೋಡಿದರೆ ನನಗೆ ಮಾತು ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಗೇಟಿನ ಮುಂದೆ ನಿಂತು, ಆ ಎರಡನೇ ಕಾಗದ ಓದಿ, ತಪ್ಪು ನನ್ನದು ಅಂತ ಅತ್ತು, ಎಲ್ಲಾ ಬಿಡಿಸಿ ಹೇಳಿ ಹೋದೆಯಲ್ಲ, ಆ ಸಂಜೆ ನಡೆದದ್ದನ್ನು ನಿನಗೆ ಹೇಳಿರಲಿಲ್ಲ. ಕೊಟ್ಟೂರೇಶಪ್ಪ ಒಬ್ಬೊಬ್ಬರನ್ನೇ ಒಳಗೆ ಕರೆದ. ಫೈಲು ತೆಗೆದು ಡಿಸೆಂಬರಿನ ಕಾಗದ ತೋರಿಸಿದ. “ಆ ಹುಡುಗಿ ಆವಾಗ ಒಂದು ಬರೀತಾಳೆ, ಈಗ ಒಂದು ಹೇಳ್ತಾಳೆ. ಯಾವುದನ್ನ ನಂಬಬೇಕು? ನೀವು ಈ ಕಾಗದ ಕೇಳಿ, ಅರ್ಥ ಮಾಡ್ಕೊಂಡೇ ಸಹಿ ಹಾಕಿದ್ದು” ಅಂದ. ನಾಳೆ ಯಾರು ಕೇಳಿದರೂ ಅವನ ಕೈಯಲ್ಲಿರುವುದು ಅದೇ. ಆದರೂ ನಾವು ನಾಲ್ವರು ಹೊರಗೆ ಬಂದೆವು. ನನಗೆ ಪ್ಯಾಕಿಂಗ್ ಕೆಲಸ ಸಿಕ್ಕಿದ್ದು ನಿನಗೆ ಗೊತ್ತು. ಕೂತು ಮಾಡುವ ಕೆಲಸ. ಹೋದದ್ದು ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಇರುವುದನ್ನು ಕಾಯ್ದುಕೊಂಡಿದ್ದೇನೆ.

ಹೊರಗೆ ಬರದ ಇಬ್ಬರಲ್ಲಿ ಒಬ್ಬ ಖಲೀಲ್. ಅವನು ಆಸ್ಪತ್ರೆಗೂ ಯಾಕೆ ಬರಲಿಲ್ಲ ಅಂತ ನೀನು ಪ್ರತಿ ಸಲ ಕೇಳುತ್ತೀಯ, ನಾನು ಮಾತು ಮರೆಸುತ್ತೇನೆ. ಮನೆಗೆ ಹೋಗಿ ಕೈ ಹಿಡಿದು ಕೇಳಿಕೊಂಡೆ. ಅವನ ಹೆಂಡತಿಯೂ ಕೇಳಿಕೊಂಡಳು. ಸಿಟ್ಟಾಗಲಿಲ್ಲ, ನಗುತ್ತಲೇ ಇದ್ದ. “ಎರಡು ಕಾಗದದಾಗ ಮೊದಲನೇದು ಶಾಂತವಾಗಿ ಕೂತು ಬರೆದದ್ದು. ಎರಡನೇದು ಹೆದರಿ ಹೇಳಿದ್ದು. ಹೆದರಿದವ್ರ ಮಾತು ಯಾರು ಕೇಳ್ತಾರಲೇ?” ಅಂದ.

ಈ ವಾರ ಬಿಳಿ ವ್ಯಾನು ಮತ್ತೆ ಬಂದಿತ್ತಂತೆ. ಇವತ್ತು ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಹೆಂಡತಿ ಸ್ಕೂಟರಿನಲ್ಲಿ ಕರೆತಂದಳು. ಅಂಗಳದಿಂದ ಕಟ್ಟೆಗೆ ಬರಲು ಎರಡು ಕಡೆ ಕೂತ. ನಾನು ಉಸಿರಿಗಾಗಿ ಮಾತು ನಿಲ್ಲಿಸಿದಾಗ ಅವನು ಕಾಯುತ್ತಿದ್ದ, ಅವನು ನಿಲ್ಲಿಸಿದಾಗ ನಾನು. ಇಬ್ಬರ ಮಾತೂ ಮುಗಿಯಲು ಮಧ್ಯಾಹ್ನವಾಯಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಹೊಸ ರಿಪೋರ್ಟನ್ನು ನನ್ನ ಕೈಗೆ ಕೊಟ್ಟ. ಇನ್ನೂ ಯಾರಿಗೂ ತೋರಿಸಿಲ್ಲವಂತೆ. ನಾನೇ ಓದಿ ಹೇಳುತ್ತೇನೆ ಅಂದೆ, ಬೇಡ ಅಂದ. “ನೀನು ಬ್ಯಾಡ, ಡಾಕ್ಟರೂ ಬ್ಯಾಡ. ನಿನ್ನ ತಂಗಿಗೇ ಕಳಿಸು. ಆಕಿ ಆವಾಗ ಬರೆದ ಮ್ಯಾಲೆ ನಾನು ಮೂರು ತಿಂಗಳು ಆರಾಮಾಗಿ ನಿದ್ದಿ ಮಾಡೀನಿ. ಈ ಸಲಾನೂ ಹಂಗೇ ಬರೀಲಿ, ಪ್ರಗತಿ ಎಷ್ಟಾಗೇತೆ ಅಂತ.”

ರಿಪೋರ್ಟು ಇದರ ಜೊತೆಗಿದೆ. ಅವನು ಹೋದ ಮೇಲೆ ನಾನು ಓದಿದೆ. ಈಗ ನನಗೆ ಓದಲು ಬರುತ್ತದೆ. ನೀನೂ ಓದು. ಬರುವ ಭಾನುವಾರ ಅವನು ಮತ್ತೆ ಬರುತ್ತಾನೆ, ಸಹನಾ. ಕಟ್ಟೆಯ ಮೇಲೆ ಕೂತು, ಉತ್ತರ ಬಂತೇ ಅಂತ ಕೇಳುತ್ತಾನೆ.

ನಿನ್ನ ಅಣ್ಣ,
ಗಿರೀಶ